ಉಳಿದದ್ದು ಒಂದೇ ಕುರ್ಚಿ

ಗಂಡ ಕುರ್ಚಿ ಒರೆಸುತ್ತಿದ್ದ. ಹಳೆಯ ಬನಿಯನ್ನಿನ ತುಂಡಿಗೆ ಎರಡು ಹನಿ ಎಣ್ಣೆ ಹಾಕಿಕೊಂಡು ಮೊದಲು ಕೈಗಳು, ಆಮೇಲೆ ಬೆನ್ನಿನ ಪಟ್ಟಿಗಳು, ಕೊನೆಗೆ ಕಾಲುಗಳು, ಹೀಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದ. ಹೆಂಡತಿ ಒಲೆಯ ಮುಂದೆ ನಿಂತು ಹಾಲು ಉಕ್ಕದಂತೆ ಕಾಯುತ್ತಿದ್ದಳು. ಮಂಚದ ಮೇಲೆ ಕೂತಿದ್ದ ಅತ್ತೆ ಎಣ್ಣೆಯ ವಾಸನೆಗೆ ಒಮ್ಮೆ ಮೂಗೇರಿಸಿ ಸೊಸೆಯ ಕಡೆ ನೋಡಿದರು. ಆ ಮನೆಯಲ್ಲಿ ಯಾವ ವಸ್ತು ಫಳಫಳ ಹೊಳೆಯತೊಡಗಿತೋ ಅದರ ಋಣ ತೀರಿತು ಎಂದೇ ಅರ್ಥ.

ಅವನು ಫರ್ನಿಚರ್ ಶೋರೂಮಿನಲ್ಲಿ ಮಾರಾಟದ ಕೆಲಸದವನು. ಗಿರಾಕಿಯ ಮನೆಗೆ ಹೊರಡುವ ಸಾಮಾನನ್ನು ಮೊದಲೇ ಎಣ್ಣೆಬಟ್ಟೆಯಲ್ಲಿ ಒರೆಸಿಡುವುದು ಅಲ್ಲಿಯ ಪದ್ಧತಿ. ಆ ಪದ್ಧತಿ ಅವನ ಜೊತೆ ಮನೆಗೂ ಬಂದಿತ್ತು. ಸೋಫಾ ಹೊಳೆಯಿತು, ಹೋಯಿತು. ಊಟದ ಮೇಜು ಹೊಳೆಯಿತು, ಅದರ ನಾಲ್ಕು ಕುರ್ಚಿಗಳೂ ಹೊಳೆದವು, ಒಟ್ಟಿಗೇ ಮೆಟ್ಟಿಲಿಳಿದು ಹೋದವು. ಒಂದು ದಿನ ಅವನು ಪ್ರೀತಿಯಿಂದಲೇ ತಾಯಿಯ ಕನ್ನಡಕ ತೆಗೆದುಕೊಂಡು ಒರೆಸಲು ಕೂತಾಗ ಅತ್ತೆ ಗಾಬರಿಬಿದ್ದು, "ಇದನ್ನ ಕೊಳ್ಳೋಕೆ ಯಾರು ಬರ್ತಾರೋ?" ಎಂದು ಕೇಳಿದ್ದರು.

ಇಷ್ಟಕ್ಕೆಲ್ಲ ಮೂಲ ಅವನ ಕಾಲುಗಳು. ಶೋರೂಮಿನಲ್ಲಿ ಮಾರುವವರು ಕೂರುವಂತಿಲ್ಲ. ಮೆತ್ತನೆಯ ಸೋಫಾ, ಒರಗುವ ಕುರ್ಚಿ, ತೂಗುವ ಕುರ್ಚಿ, ಅವೆಲ್ಲದರ ನಡುವೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತುಕೊಂಡು, "ಕೂತು ನೋಡಿ ಸಾರ್, ಕೂತು ನೋಡಿ ಮೇಡಂ" ಎಂದು ಬಂದವರನ್ನೆಲ್ಲ ಕೂರಿಸುವುದೇ ಕೆಲಸ. ಒಂದು ದಿನ ಪಾದ ಊದಿಸಿಕೊಂಡು ಬಂದವನು ಚಪ್ಪಲಿ ಬಿಡುತ್ತ ಬಿಡುತ್ತಲೇ, "ನಲವತ್ತೈದಕ್ಕೆ ಕೆಲಸ ಬಿಟ್ಬಿಡ್ತೀನಿ. ಆಮೇಲೆ ಬರೀ ಕೂರೋದೇ" ಎಂದು ಘೋಷಿಸಿದ. ಅದಕ್ಕೆ ದುಡ್ಡು ಕೂಡಿಡಲು ಅವತ್ತಿನಿಂದ ಮನೆಮಂದಿಯೆಲ್ಲ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡರು.

ಅವರಿದ್ದ ಬಡಾವಣೆಯೋ, ಟೊಮೇಟೊ ಕೂಡ ತೂಕಕ್ಕಿಂತ ಗತ್ತಿನ ಮೇಲೆ ಮಾರಾಟವಾಗುವ ಜಾಗ. ಅಗ್ಗದ ಕಡೆ ಹೋಗೋಣವೆಂದರೆ ಇಬ್ಬರ ಕೆಲಸವೂ ಇಲ್ಲೇ ನಡೆದು ಹೋಗುವಷ್ಟು ದೂರದಲ್ಲಿತ್ತು. ಬಾಡಿಗೆಯಲ್ಲಿ ಉಳಿಸಿದ್ದನ್ನು ಬಸ್ಸು ತಿನ್ನುತ್ತದೆ ಎಂದು ಅವನು ಲೆಕ್ಕ ತೋರಿಸಿದ. ಹಾಗಾಗಿ ಮನೆ ಬಿಡುವ ಬದಲು ಮನೆಯೊಳಗೇ ಒತ್ತರಿಸಿಕೊಂಡು ಕೂತರು. ಇದ್ದ ಒಂದು ಮಲಗುವ ಕೋಣೆಯನ್ನು ರಾತ್ರಿ ಪಾಳಿಯ ನರ್ಸ್ ಒಬ್ಬಳಿಗೆ ಬಾಡಿಗೆಗೆ ಕೊಟ್ಟರು. ಗಂಡ, ಹೆಂಡತಿ, ಅತ್ತೆ ಮೂವರೂ ಹಾಲಿಗೆ ಬಂದರು. ಅದರ ಒಂದು ಮೂಲೆಯೇ ಅಡುಗೆಮನೆ.

ಹಾಲಿನಲ್ಲಿ ಉಳಿದದ್ದು ಅತ್ತೆಯ ಮಂಚ ಮತ್ತು ಕಿಟಕಿಯ ಪಕ್ಕದ ಕುರ್ಚಿ. ಮಂಚವೂ ಒಮ್ಮೆ ಹೊಳೆದಿತ್ತು. ಆದರೆ ಕೊಳ್ಳುವವರು ಬಂದಾಗ ಅತ್ತೆ ಏಳಲಿಲ್ಲ.

"ಏಳಮ್ಮ, ಅವರು ಮಂಚ ನೋಡ್ಬೇಕಂತೆ."

"ನೋಡ್ಲಿ. ನಾನೇನು ಅವರ ಕಣ್ಣಿಗೆ ಕೈ ಅಡ್ಡ ಇಟ್ಟಿದೀನಾ?"

ಬಂದವರು ಸುತ್ತಲೂ ನೋಡಿದರು, ಬಗ್ಗಿ ಕೆಳಗೆ ನೋಡಿದರು, ಕೊನೆಗೆ ಅಜ್ಜಿ ಸಮೇತ ಬೇಡವೆಂದು ಹೊರಟುಹೋದರು. ಆಮೇಲೆ ಅತ್ತೆ ಸ್ನಾನಕ್ಕೆ ಎದ್ದರೂ ಮಂಚದ ನಡುಮಧ್ಯೆ ಕನ್ನಡಕ ಇಟ್ಟು ಹೋಗುತ್ತಿದ್ದರು, ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದ ಹಾಗೆ.

ಕುರ್ಚಿ ಹೆಂಡತಿಯದು. ಹಾಗೆಂದು ಯಾರೂ ಹೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಅಲ್ಲಿಯೂ ದಿನವಿಡೀ ನಿಂತೇ ಇರುವುದು. ಮೇಲಾಗಿ ಮುಖಕ್ಕೆ ಹಬೆ. ಅವಳ ಪಾದವೂ ಊದುತ್ತಿತ್ತು, ಆದರೆ ಅವಳು ಯಾವತ್ತೂ ಘೋಷಣೆ ಮಾಡಿರಲಿಲ್ಲ. ಸಂಜೆ ಬಂದವಳೇ ಒಂದು ಲೋಟ ಚಹಾ ಹಿಡಿದು ಆ ಕುರ್ಚಿಯಲ್ಲಿ ಕೂರುವಳು. ಹಿಂದಿನ ಒಂದು ಕಾಲು ತುಸು ಗಿಡ್ಡ. ಅದಕ್ಕೆ ಸೋಪಿನ ಡಬ್ಬಿಯ ರಟ್ಟು ಮಡಚಿ ಕೊಟ್ಟಿದ್ದಳು. ಬೀದಿ ದೀಪ ಹೊತ್ತುವವರೆಗೂ ಅವಳ ಪಾದಗಳದ್ದೇ ಮಾತು, ಅವಳು ಕೇಳಿಸಿಕೊಳ್ಳುವಳು. ಗಂಡನ ಹೆಜ್ಜೆ ಮೆಟ್ಟಿಲಲ್ಲಿ ಕೇಳಿದ ಕೂಡಲೇ ಎದ್ದು ಒಲೆ ಹಚ್ಚುವಳು. ದಿನದಲ್ಲಿ ಅವಳದೆನ್ನುವುದು ಅಷ್ಟೇ.

ಈಗ ಆ ಕುರ್ಚಿ ಹೊಳೆಯುತ್ತಿತ್ತು.

"ಯಾರಿಗ್ರೀ?" ಎಂದಳು ಹಾಲು ಇಳಿಸಿ.

"ಯಾರೋ ವಯಸ್ಸಾದವರು. ಫೋಟೋ ನೋಡಿ ಫೋನ್ ಮಾಡಿದ್ರು. ಮುಂದಿನ ಭಾನುವಾರ ಬರ್ತಾರೆ."

"ಮತ್ತೆ ನಾನು ಎಲ್ಲಿ ಕೂತ್ಕೊಳ್ಲಿ?"

"ನೆಲ ಇದೆಯಲ್ಲೇ. ನೆಲದ ಮೇಲೆ ಕೂತ್ರೆ ಬೆನ್ನಿಗೆ ಒಳ್ಳೇದು."

"ಅಷ್ಟು ಒಳ್ಳೇದಾದ್ರೆ ನಿಮ್ಮ ಅಂಗಡೀಲಿ ನೆಲಾನೇ ಮಾರ್ಬೋದಿತ್ತಲ್ಲೋ," ಎಂದರು ಅತ್ತೆ ಮಂಚದಿಂದ.

ಅವನು ಕೇಳಿಸದವನಂತೆ ಕುರ್ಚಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ. ಒರೆಸಿದ ಸಾಮಾನಿನ ಮೇಲೆ ಯಾರೂ ಕೂರಬಾರದು, ಹೊಳಪು ಹೋಗುತ್ತದೆ. ಇದೂ ಶೋರೂಮಿನದೇ ಪದ್ಧತಿ. ಮರುದಿನ ಸಂಜೆ ಅವಳು ಚಹಾದ ಲೋಟ ಹಿಡಿದು ಕುರ್ಚಿಯ ಪಕ್ಕದಲ್ಲಿ ನಿಂತೇ ಬೀದಿ ನೋಡಿದಳು. ಯಾರದೋ ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತ ಹಾಗಾಯಿತು.

ಅದೇ ವಾರ ಅವನು ವರ್ಷದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಮನೆಯಲ್ಲುಳಿದ. ನಿವೃತ್ತಿಗೆ ಮೊದಲು ಒಂದು ವಾರ ಅಭ್ಯಾಸ ಮಾಡಿ ನೋಡಬೇಕೆಂದು ಯಾರೋ ಹೇಳಿದ್ದರಂತೆ.

"ಸುಮ್ನೆ ಇರೋಕೂ ಅಭ್ಯಾಸ ಬೇಕೇನೋ?" ಎಂದರು ಅತ್ತೆ.

"ಬೇಕಮ್ಮ. ತಕ್ಷಣ ಸುಮ್ನಾದ್ರೆ ಮೈಗೆ ಒಗ್ಗಲ್ಲವಂತೆ."

ಮೊದಲ ದಿನದ ವರದಿ ಹೆಂಡತಿಗೆ ಸಂಜೆ ಅತ್ತೆಯಿಂದ ಸಿಕ್ಕಿತು. ಬೆಳಿಗ್ಗೆ ಗೋಡೆಗೆ ಒರಗಿ ನೆಲದ ಮೇಲೆ ಕೂತನಂತೆ. ಸ್ವಲ್ಪ ಹೊತ್ತಿಗೆ ಕಾಲು ಜೋಮು ಹಿಡಿಯಿತಂತೆ. ಎದ್ದು ಓಡಾಡೋಣವೆಂದರೆ ಪಾಳಿ ಮುಗಿಸಿ ಬಂದ ನರ್ಸ್ ಒಳಗೆ ಮಲಗಿದ್ದಾಳೆ, ಸದ್ದು ಮಾಡುವಂತಿಲ್ಲ. ರೇಡಿಯೋ ಹಾಕುವಂತಿಲ್ಲ. ಮಂಚದ ತುದಿಗೆ ಬಂದು ಕೂತರೆ ಅತ್ತೆ ಕಾಲು ಚಾಚಿದರಂತೆ. ಮಧ್ಯಾಹ್ನದ ಹೊತ್ತಿಗೆ ಕೋಣೆಯ ಬಾಗಿಲು ತೆರೆದು ನರ್ಸ್ ಕೆಂಪು ಕಣ್ಣಿನಲ್ಲಿ ನಿಂತಿದ್ದಳಂತೆ.

"ಅಣ್ಣಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ನಿಟ್ಟುಸಿರು ಒಳಗೆ ಕೇಳ್ತಾ ಇದೆ."

ಅತ್ತೆ ಇದನ್ನು ನರ್ಸಿನ ದನಿಯಲ್ಲೇ ಹೇಳಿ ತೋರಿಸಿದರು. ಸೊಸೆ ಸೆರಗು ಬಾಯಿಗಿಟ್ಟುಕೊಂಡಳು. ಅವನು ಗೋಡೆಯ ಕಡೆ ಮುಖ ಮಾಡಿ ಹಾಸಿಗೆ ಬಿಡಿಸಿದ.

ಬುಧವಾರ ಶೋರೂಮಿನ ಸೋಫಾ ಕವರುಗಳು ಲಾಂಡ್ರಿಯಲ್ಲಿ ಇಸ್ತ್ರಿಯಾಗಿ ಸಿದ್ಧವಿದ್ದವು. ಗಂಟು ಹೊತ್ತು ಅವಳೇ ಹೋದಳು. ಗಾಜಿನ ಬಾಗಿಲಿನ ಆಚೆ ನೋಡಿದರೆ ಗಂಡ ಅಲ್ಲಿದ್ದಾನೆ. ರಜೆಯಲ್ಲಿದ್ದವನು ಮದುವೆಗೆ ಹೊರಟವನ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಬೂದು ಬಣ್ಣದ ದೊಡ್ಡ ಸೋಫಾದಲ್ಲಿ ಮುಳುಗಿ ಕೂತಿದ್ದ. ಅವನ ಮುಖದಲ್ಲಿ ಅಂಥ ಸುಖವನ್ನು ಅವಳು ಬಹಳ ದಿನಗಳಿಂದ ನೋಡಿರಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು. ಎದುರಿಗೆ ಅವನ ಜೊತೆಯವನು, ಎಲ್ಲರೂ 'ಡಬಲ್ ಕಾಟ್' ಎಂದು ಕರೆಯುವ ಭಾರೀ ಮನುಷ್ಯ, ಕೈಕಟ್ಟಿ ನಿಂತಿದ್ದ.

"ಏಳೋ ಮಾರಾಯ, ಮ್ಯಾನೇಜರ್ ಬರ್ತಾರೆ."

"ಇವತ್ತು ನಾನು ಗಿರಾಕಿ ಕಣೋ. ಗಿರಾಕಿ ಹತ್ರ ಹೀಗಾ ಮಾತಾಡೋದು?"

"ಆಯ್ತು ಸಾರ್. ಯಾವ ಬಣ್ಣದಲ್ಲಿ ಬೇಕು ಸಾರ್?"

"ಇನ್ನೂ ಯೋಚನೆ ಮಾಡ್ತಾ ಇದೀನಿ."

ಅಷ್ಟರಲ್ಲಿ ಮ್ಯಾನೇಜರ್ ಬಂದೇಬಿಟ್ಟ. ಬಂದವನು ಬೈಯಲಿಲ್ಲ. ಪಕ್ಕದಲ್ಲಿ ನಿಂತು ತುಂಬ ಮರ್ಯಾದೆಯಿಂದ, "ಬೆಳಿಗ್ಗೆಯಿಂದ ಯೋಚನೆ ಮಾಡ್ತಾ ಇದೀರಿ. ಪ್ಯಾಕ್ ಮಾಡಿಸ್ಲಾ? ನಿಮ್ಮ ಸಂಬಳದಲ್ಲೇ ಕಂತು ಹಿಡ್ಕೋತೀವಿ" ಎಂದ.

ಸೋಫಾದಿಂದ ಅಷ್ಟು ಬೇಗ ಎದ್ದ ಗಿರಾಕಿಯನ್ನು ಆ ಶೋರೂಮು ಕಂಡಿರಲಿಲ್ಲ. ಬಾಗಿಲಲ್ಲಿ ಹೆಂಡತಿ ಎದುರಾದಳು. ಅವನು ಅವಳ ತಲೆಯ ಮೇಲಿನ ಗಂಟು ನೋಡಿದ, ಅವಳು ಅವನ ಇಸ್ತ್ರಿ ಅಂಗಿ ನೋಡಿದಳು. ಇಬ್ಬರೂ ಏನೂ ನಡೆದಿಲ್ಲವೆಂಬಂತೆ ದಾಟಿಕೊಂಡು ಹೋದರು.

ಮರುದಿನ ಸಂಜೆ ಅವಳು ಬಂದಾಗ ಪ್ಲಾಸ್ಟಿಕ್ ಹಾಳೆ ನೆಲದ ಮೇಲೆ ಬಿದ್ದಿತ್ತು. ಗಂಡ ಕುರ್ಚಿಯಲ್ಲಿದ್ದ, ಅವನ ಪಾದ ಕಿಟಕಿಯ ಕಟ್ಟೆಯ ಮೇಲಿತ್ತು.

"ಪರೀಕ್ಷೆ ಮಾಡ್ತಾ ಇದೀನಿ," ಎಂದ. "ಬರೋವ್ರು ಕೇಳಿದ್ರೆ ಹೇಳೋಕಾಗ್ಬೇಕಲ್ಲ."

"ಹೊಳಪು ಹೋಗಲ್ವೇನ್ರೀ?"

"ಮತ್ತೆ ಒರೆಸಿದ್ರಾಯ್ತು."

ಪರೀಕ್ಷೆ ಶುಕ್ರವಾರವೂ ನಡೆಯಿತು, ಶನಿವಾರವೂ ನಡೆಯಿತು. ಅವನು ಕಿಟಕಿಯನ್ನು ತಾನೇ ಕಂಡುಹಿಡಿದವನಂತೆ ಬೀದಿಯ ಸಮಾಚಾರವನ್ನೆಲ್ಲ ಅವಳಿಗೆ ಹೇಳತೊಡಗಿದ. "ಎದುರುಮನೆ ಗೋಡೆ ಮೇಲೆ ಒಂದು ಕಂದು ಬೆಕ್ಕು ದಿನಾ ಇದೇ ಹೊತ್ತಿಗೆ ಬರುತ್ತೆ, ಗೊತ್ತಾ ನಿಂಗೆ?" ಅವಳಿಗೆ ಗೊತ್ತಿತ್ತು. ಆ ಬೆಕ್ಕು ಮರಿಯಾಗಿದ್ದಾಗಿನಿಂದ ಗೊತ್ತಿತ್ತು. "ಹೌದಾ," ಎಂದಳು, ಅಕ್ಕಿ ತೊಳೆಯುತ್ತ.

ಭಾನುವಾರ ಹೇಳಿದ ಹೊತ್ತಿಗೆ ಸರಿಯಾಗಿ ಕೊಳ್ಳುವವರು ಬಂದರು. ಟೋಪಿ ಹಾಕಿದ ಹಿರಿಯರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು, ಕೂರಿಸೋಣವೆಂದರೆ ಮನೆಯಲ್ಲಿ ಜಾಗವಿಲ್ಲ. ಗಂಡ ಕುರ್ಚಿಯಿಂದಲೇ ನಮಸ್ಕಾರ ಮಾಡಿದ.

"ಇದೇನಾ ಕುರ್ಚಿ?"

"ಇದೇ ಸಾರ್."

"ನೀವು ಎದ್ರೆ ಕೂತು ನೋಡ್ತೀನಿ."

"ಗಟ್ಟಿ ಇದೆ ಸಾರ್. ನಾನೇ ಕೂತಿದೀನಲ್ಲ."

ಹಿರಿಯರು ಒಂದು ಸಲ ಕೆಮ್ಮಿದರು. "ಅಲ್ಲಪ್ಪ, ನನ್ನ ಬೆನ್ನಿಗೆ ಸರಿಹೋಗುತ್ತಾ ಅಂತ ನೋಡ್ಬೇಕಲ್ಲ. ನಾನು ಕೆಲಸ ಬಿಟ್ಟು ಮೂರು ತಿಂಗಳಾಯ್ತು. ಮನೇಲಿ ಕಿಟಕಿ ಹತ್ರ ಒಂದು ಕುರ್ಚಿ ಇದೆ. ಅದರಲ್ಲಿ ನಮ್ಮನೆಯವಳು ಕೂತಿರ್ತಾಳೆ."

"ಕೇಳಿದ್ರೆ ಬಿಟ್ಟುಕೊಡಲ್ವೇ?" ಎಂದು ಅತ್ತೆ ವಿಚಾರಿಸಿದರು.

"ಕೇಳಿದ್ರೆ ಉತ್ತರಾನೇ ಕೊಡಲ್ಲಮ್ಮ. ಸುಮ್ನೆ ಹೊರಗೆ ನೋಡ್ತಾ ಕೂತಿರ್ತಾಳೆ."

ಒಲೆಯ ಮುಂದಿದ್ದ ಹೆಂಡತಿ ತಲೆಯೆತ್ತಿದಳು.

ಗಂಡನೂ ಹಿರಿಯರ ಮುಖವನ್ನೇ ನೋಡುತ್ತಿದ್ದ. ಕೆಲಸ ಬಿಟ್ಟ ಮನುಷ್ಯ ಬಿಸಿಲಲ್ಲಿ ಮೆಟ್ಟಿಲು ಹತ್ತಿ ಕುರ್ಚಿ ಹುಡುಕುತ್ತಿರುವುದನ್ನು ನೋಡಿ ಅವನ ಕೈ ತಾನಾಗಿಯೇ ಕುರ್ಚಿಯ ಕೈಯನ್ನು ಹಿಡಿದುಕೊಂಡಿತು. ಫೋನಿನಲ್ಲಿ ಹೇಳಿದ್ದಕ್ಕಿಂತ ದುಪ್ಪಟ್ಟು ಬೆಲೆ ಹೇಳಿದ. ಹಿರಿಯರು ಇನ್ನೊಂದು ಸಲ ಕೆಮ್ಮಿ, ಟೋಪಿ ಸರಿಮಾಡಿಕೊಂಡು ಮೆಟ್ಟಿಲಿಳಿದರು.

"ಇದನ್ನ ಮಾರಲ್ಲ ಕಣೇ," ಎಂದ ಗಂಡ. "ಕೊನೇಗೆ ಕೂರೋಕೆ ಒಂದಾದ್ರೂ ಬೇಡ್ವಾ?"

ಅವಳ ಎದೆ ಹಗುರಾಯಿತು. ಚಹಾ ಮಾಡಿದಳು. ಎರಡು ಲೋಟ ತಂದು, ಒಂದನ್ನು ಅವನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಅವನು ಏಳಲೆಂದು ಕಾದಳು. ಅವನು ತನ್ನದನ್ನು ಕುಡಿದು ಲೋಟ ಕೆಳಗಿಟ್ಟ. ಆಮೇಲೆ ಅವಳ ಕೈಯ ಲೋಟವನ್ನೂ ತೆಗೆದುಕೊಂಡು, "ಇವತ್ತು ಜಾಸ್ತಿ ಮಾಡಿದೀಯಾ, ಒಳ್ಳೇದಾಯ್ತು" ಎಂದ. ಗುಟುಕರಿಸುತ್ತ ಮುಂದುವರಿಸಿದ, "ಯೋಚನೆ ಮಾಡಿದೆ. ನಲವತ್ತೈದರವರೆಗೆ ಯಾಕೆ ಕಾಯ್ಬೇಕು? ದಿನಾ ಸಂಜೆ ಬಂದು ಇಲ್ಲೇ ಸ್ವಲ್ಪ ಸ್ವಲ್ಪ ನಿವೃತ್ತಿ ತಗೋತೀನಿ."

ಬೀದಿ ದೀಪ ಹೊತ್ತಿದಾಗಲೂ ಅವಳು ನಿಂತೇ ಇದ್ದಳು. ಕೊಳ್ಳಲು ಬಂದವರು ಒಯ್ದಿದ್ದರೆ ಕುರ್ಚಿ ಹೋಯಿತೆಂದು ಒಂದು ದಿನ ಅತ್ತು ಸುಮ್ಮನಾಗಬಹುದಿತ್ತು. ಇದು ಕಣ್ಣೆದುರಿಗೇ ಇದೆ, ಆದರೆ ಅದರಲ್ಲಿ ಗಂಡ ಕೂತಿದ್ದಾನೆ. ಹಿಂದೆ ಮಂಚದ ಮೇಲಿಂದ ಅತ್ತೆ ಎಲ್ಲವನ್ನೂ ನೋಡಿದರು. ಕನ್ನಡಕ ತೆಗೆದು, ಒರೆಸದೆ, ಮತ್ತೆ ಹಾಕಿಕೊಂಡರು.

ಸೋಮವಾರ ರಜೆ ಮುಗಿಯಿತು. ಶೋರೂಮಿಗಿಂತ ಲಾಂಡ್ರಿ ಬೇಗ ಮುಚ್ಚುತ್ತದೆ. ಅವಳು ಬಂದು ಕಾಲು ತೊಳೆದು, ಚಹಾ ಮಾಡಿ ಕುರ್ಚಿಯಲ್ಲಿ ಕೂತಳು. ಗಿಡ್ಡ ಕಾಲಿನ ಕೆಳಗಿನ ರಟ್ಟು ಜರುಗಿತ್ತು. ಬಗ್ಗಿ ಅದನ್ನು ಸರಿಯಾಗಿ ಒತ್ತಿದಳು. ಮರಕ್ಕೆ ಎಣ್ಣೆಯ ವಾಸನೆ ಇನ್ನೂ ಇತ್ತು. ಕಾಲು ಚಾಚಿದಳು.

ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಅವಳ ಮೊಣಕಾಲು ಅಭ್ಯಾಸಬಲದಿಂದ ಏಳಲು ಹೊರಟಿತು. ಅವಳು ಅದರ ಮೇಲೆ ಲೋಟ ಇಟ್ಟು ಕೂರಿಸಿದಳು.

ಗಂಡ ಒಳಗೆ ಬಂದ. ಚಪ್ಪಲಿ ಬಿಟ್ಟ. ಒಂದು ವಾರ ಕೂತು ಸುಖ ಕಂಡ ಪಾದಗಳು ಒಂದೇ ದಿನಕ್ಕೆ ಬನ್ನಿನ ಹಾಗೆ ಊದಿದ್ದವು. ಒಲೆಯ ಕಡೆ ನೋಡಿದ, ಹಚ್ಚಿರಲಿಲ್ಲ. ಕಿಟಕಿಯ ಕಡೆ ನೋಡಿದ.

"ಬಂದೆ," ಎಂದ.

ಪಾಳಿಗೆ ಹೊರಟಿದ್ದ ನರ್ಸ್ ಬಾಗಿಲಲ್ಲಿ ಕೂತು ಶೂ ಲೇಸು ಕಟ್ಟುತ್ತಿದ್ದಳು. ಅವಳು ಇವನನ್ನು ನೋಡಿದಳು, ಕುರ್ಚಿಯನ್ನು ನೋಡಿದಳು, ಕಟ್ಟಿದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಅವನು ಮಂಚದ ಹತ್ತಿರ ಬಂದ. ಅತ್ತೆ ಕಾಲು ಚಾಚಿದರು. ಅವನು ಕುರ್ಚಿಯ ಪಕ್ಕಕ್ಕೆ ಬಂದು, ಶೋರೂಮಿನಲ್ಲಿ ನಿಲ್ಲುವ ಹಾಗೆಯೇ ಕೈಗಳನ್ನು ಹಿಂದೆ ಕಟ್ಟಿ ನಿಂತ.

ಎದುರುಮನೆಯ ಗೋಡೆಯ ಮೇಲೆ ಕಂದು ಬೆಕ್ಕು ಬಂದು ಕೂತಿತು. ಅವಳು ಅದನ್ನೇ ನೋಡುತ್ತಿದ್ದಳು. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ.

"ಸ್ವಲ್ಪ ಏಳ್ತೀಯಾ?" ಎಂದ.

ಅವಳು ಚಹಾ ಗುಟುಕರಿಸಿದಳು. ಬೀದಿ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು.

"ಹತ್ತು ನಿಮಿಷ ಸಾಕು ಕಣೇ."