ಪೊರಕೆ ಚಿಕ್ಕಮ್ಮ ಕೂತೆದ್ದ ಜಾಗಗಳು

ಹಳೆಯ ಇಟ್ಟಿಗೆ ಗೂಡಿನ ಹಿಂದಿನ ಬಯಲು ಈ ಸಲವೂ ಬೋಳಾಗಿತ್ತು. ಬೆಳಗಿನಿಂದ ಸೊಂಟ ಬಗ್ಗಿಸಿ ಹುಡುಕಿದರೂ ಪೊರಕೆ ಚಿಕ್ಕಮ್ಮನಿಗೆ ಸಿಕ್ಕಿದ್ದು ಒಂದೇ ಹಿಡಿ ಪೊರಕೆ ಗಿಡ. ಮೊಣಕಾಲೆತ್ತರದ, ಗಟ್ಟಿ ನಾರಿನ ಈ ಕಾಡುಗಿಡವನ್ನು ಒಣಗಿಸಿ ಕಟ್ಟಿದರೆ ಅಂಗಳ ಗುಡಿಸುವ ಪೊರಕೆ. ಮೂವತ್ತು ವರ್ಷದಿಂದ ಅದೇ ಅವಳ ಕಸುಬು, ಅದೇ ಅವಳ ಹೆಸರು. ತಲೆಯ ಮೇಲೆ ಹೊರೆ ಹೊತ್ತು ಬರುತ್ತಿದ್ದವಳು ಇಂದು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದಳು.

ಅಂಗಡಿಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಪೊರಕೆ ನೇತಾಡುವಾಗ ಈ ಕೆಲಸ ಬಿಟ್ಟುಬಿಡಿ ಎಂದು ಸೊಸೆ ಹಿಂದೆಯೇ ಹೇಳಿದ್ದಳು. ಚಿಕ್ಕಮ್ಮ ಮೇಕೆಗಳನ್ನು ಬೈದಳು, ಬಿಸಿಲನ್ನು ಬೈದಳು, ಗೂಡು ಕಟ್ಟಿದವನ ಮುತ್ತಜ್ಜನನ್ನೂ ಬಿಡಲಿಲ್ಲ. ಕೊನೆಗೆ ಪೊರಕೆ ಕಟ್ಟುವ ಹುರಿಯ ಉಂಡೆಯನ್ನು ಅಟ್ಟಕ್ಕೆ ಎಸೆದು ಕೈ ಕೊಡವಿಕೊಂಡಳು. ಇನ್ನು ಸಾಕು ಎನ್ನುವ ಹಾಗೆ.

ಅದೇ ಹೊತ್ತಿಗೆ ಬಾಗಿಲಿಗೆ ಬಂದವಳು ಮಹಡಿ ಮೇಲೆ ಬಾಡಿಗೆಗಿದ್ದ ಹುಡುಗಿ. ಕಾಡುಗಿಡಗಳ ಸಮೀಕ್ಷೆ ಅವಳ ಕೆಲಸ. ದಾಸವಾಳ, ಬೆಂಡೆ, ಹತ್ತಿ ಇವೆಲ್ಲ ಒಂದೇ ಬಳಗದವು. ಆ ಬಳಗದ ಕಾಡುಗಿಡಗಳು ಎಲ್ಲೆಲ್ಲಿ ಇವೆ ಎಂದು ಊರಿನ ನಕ್ಷೆಯಲ್ಲಿ ಚುಕ್ಕಿ ಇಡಬೇಕಿತ್ತು. ಪೊರಕೆ ಗಿಡವೂ ಅದೇ ಬಳಗದ್ದು, ಅದನ್ನು ಬಲ್ಲವರು ನೀವೇ, ಜೊತೆಗೆ ಬನ್ನಿ ಎಂದು ಕರೆದಳು.

"ಕಳೆಗೂ ಹಾಜರಿ ತಗೋತಾರೇನೇ?" ಎಂದಳು ಚಿಕ್ಕಮ್ಮ.

"ಹೂಂ, ಹತ್ತು ಗಂಟೆ ಮೇಲೆ. ಅದಕ್ಕಿಂತ ಮುಂಚೆ ಹೂ ಕಣ್ಣು ಬಿಡಲ್ಲ. ಮಧ್ಯಾಹ್ನ ಆಯ್ತೋ, ಮುಚ್ಕೊಂಡ್ಬಿಡುತ್ತೆ."

"ಥೇಟ್ ನಿಮ್ಮ ಮಗನ ಥರ," ಎಂದು ಸೊಸೆ ಒಳಗಿನಿಂದಲೇ ಸೇರಿಸಿದಳು.

ನಗು ತಡೆಯಲಾಗದೆ ಚಿಕ್ಕಮ್ಮ ಒಪ್ಪಿದಳು. ಮರುದಿನ ಮೂವರೂ ಹೊರಟರು. ಬಿದ್ದ ಗೋಡೆಯ ಬುಡದಲ್ಲಿ, ಹಲ್ಲುಚಕ್ರದಂಥ ಕಾಯಿ ಹೊತ್ತ ತುತ್ತಿ ಗಿಡ. ಕಾಲುವೆಯಂಚಿನ ತಂಪಿನಲ್ಲಿ ಗುಲಾಬಿ ಹೂವಿನ ಕಾಡುಬೆಂಡೆ. ಕಾಲ್ತುಳಿತದ ಒಣ ನೆಲದಲ್ಲಿ ಪೊರಕೆ ಗಿಡ. ಹುಡುಗಿ ಅದರ ಹಳದಿ ಹೂವನ್ನು ತೋರಿಸಿದಳು: ಐದು ಎಸಳು, ನಡುವೆ ಒಂದು ಪುಟ್ಟ ಕಂಬ. ಮೂವತ್ತು ವರ್ಷ ಕಡ್ಡಿಯನ್ನಷ್ಟೇ ನೋಡಿದ್ದ ಚಿಕ್ಕಮ್ಮ ಬಗ್ಗಿ ನೋಡಿ, ದಾಸವಾಳದ ಮೊಮ್ಮಗಳ ಹಾಗಿದೆ ಎಂದಳು.

ಸುತ್ತಾಟ ಮುಗಿಸಿ ಬಸ್ ನಿಲ್ದಾಣದ ಬೆಂಚಿನ ಮೇಲೆ ನಕ್ಷೆ ಹರಡಿದಾಗ ಹುಡುಗಿಗೇ ಒಗಟಾಯಿತು. ಪೊರಕೆ ಗಿಡದ ಚುಕ್ಕಿ ಬಿದ್ದಿದ್ದು ಹನ್ನೊಂದು ಕಡೆ. ಅಂಚೆ ಕಚೇರಿಯ ಮೆಟ್ಟಿಲ ಪಕ್ಕ, ಹಿಟ್ಟಿನ ಗಿರಣಿಯ ಗೋಡೆಗೆ, ಶಾಲೆಯ ಗೇಟಿನ ಹತ್ತಿರ, ಇದೇ ಬೆಂಚಿನ ಕೆಳಗೆ. ಒಂದೊಂದು ಕಡೆ ನಾಲ್ಕೈದೇ ಗಿಡ, ಹೊರೆಗೆ ಸಾಲದಷ್ಟು. ನಡುವಿನ ಬೀದಿಗಳಲ್ಲಿ ಒಂದೂ ಇಲ್ಲ.

ಚಿಕ್ಕಮ್ಮ ಬೆರಳಿಟ್ಟು ಒಂದೊಂದೇ ಚುಕ್ಕಿ ಮುಟ್ಟಿದಳು.

"ಇದು ನನ್ ದಾರಿ ಕಣೇ. ಹೊರೆ ಇಳಿಸಿ ನಾನು ಸುಧಾರಿಸ್ಕೊಳ್ಳೋ ಜಾಗಗಳು."

ಮಾಗಿದ ಗಿಡ ಹೊತ್ತು ತರುತ್ತಿದ್ದ ಕಾಲದಲ್ಲಿ, ಕೂತಲ್ಲೆಲ್ಲ ಅವಳು ಬಟ್ಟೆಯಂಚಿಗೆ ಅಂಟಿದ ಬೀಜಗಳನ್ನು ಕಿತ್ತು ಉದುರಿಸುತ್ತಿದ್ದಳು. ಎರಡು ಹಲ್ಲಿನ ಆ ಬೀಜ ಅಂಟಿಕೊಳ್ಳುವುದೇ ಅದಕ್ಕಾಗಿ, ಬೇರೆ ನೆಲ ಸೇರಲು, ಎಂದು ಹುಡುಗಿ ಬಿಡಿಸಿ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು.

"ಇಲ್ಲಿ ಬಿತ್ತಿದ್ದು ನೀವು ಚಿಕ್ಕಮ್ಮ. ಗೂಡಿನ ಹಿಂದೆ ಖಾಲಿ ಮಾಡಿದ್ದೂ ನೀವೇ. ನಿನ್ನೆ ತಂದ ಹಿಡಿಯಲ್ಲಿ ಬೇರೂ ಇತ್ತು, ಎಳೇ ಕಾಯೂ ಇತ್ತು."

ಅದು ನಿಜ. ಪ್ಲಾಸ್ಟಿಕ್ ಪೊರಕೆ ಬಂದಮೇಲೆ ಅವಸರ ಹತ್ತಿ, ಬೀಜ ಮಾಗುವ ಮೊದಲೇ ಗಿಡವನ್ನು ಬೇರುಸಮೇತ ಕಿತ್ತು ತರುತ್ತಿದ್ದಳು. ಸುಮ್ಮಸುಮ್ಮನೆ ಮೇಕೆಗಳನ್ನು ಬೈದೆನಲ್ಲ ಎಂದು ಪೆಚ್ಚಾದಳು.

ಹುಡುಗಿ ಹೇಳಿದ ದಾರಿ ಸುಲಭದ್ದೇ. ಕೀಳಬೇಡಿ, ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ಬುಡ ಮತ್ತೆ ಚಿಗುರುತ್ತದೆ. ಬೀಜ ಮಾಗುವ ತನಕ ಕಾಯಿರಿ. ನಾಲ್ಕರಲ್ಲಿ ಒಂದು ಗಿಡವನ್ನು ಮುಟ್ಟಲೇಬೇಡಿ. ಸೊಸೆ ಆ ಸಂಜೆಯೇ ಅಟ್ಟ ಹತ್ತಿ ಹುರಿಯ ಉಂಡೆ ಇಳಿಸಿದಳು. ಬೀಜ ಮಾಗಿದಾಗ ಹನ್ನೊಂದು ಜಾಗದಿಂದಲೂ ಒಂದಿಷ್ಟು ತಂದು ಗೂಡಿನ ಹಿಂದೆ ಚೆಲ್ಲಿದರು.

ಎರಡು ಮಳೆಗಾಲ ಕಳೆಯಿತು. ಹತ್ತು ಗಂಟೆಗೆ ಹೋಗಿ ನೋಡಿದರೆ ಆ ಬಯಲು ಈಗ ಹಳದಿ. ಹೊರೆ ಮತ್ತೆ ತಲೆಗೇರಿದೆ, ಅರ್ಧ ಸೊಸೆಯ ತಲೆಗೆ. ಹೊಸ ಬೀದಿಯಲ್ಲಿ ಬೋಳು ಮೂಲೆ ಕಂಡರೆ ಅವಳು ನಿಲ್ಲಿಸುತ್ತಾಳೆ.

"ಅತ್ತೆ, ಇಲ್ಲೊಂಚೂರು ಕೂತ್ಕೊಳ್ಳಿ. ಇಲ್ಲಿ ಒಂದು ಗಿಡಾನೂ ಇಲ್ಲ."

ಓದುತ್ತಿರುವ ಅಕ್ಕ, ಅಣ್ಣ, ನಾಳೆ ಹತ್ತು ಗಂಟೆಗೆ ನೀವೂ ಒಮ್ಮೆ ನಿಮ್ಮ ಬೀದಿಯಂಚು ನೋಡಿ. ಐದು ಎಸಳಿನ ನಡುವೆ ಪುಟ್ಟ ಕಂಬ ಕಂಡರೆ, ಎಲ್ಲಿ ಕಂಡಿತೆಂದು ಬರೆದಿಡಿ. ಬೀಜ ಉದುರುವವರೆಗೆ ಆ ಜಾಗಕ್ಕೆ ಗುದ್ದಲಿ ತರಬೇಡಿ. ಬಟ್ಟೆಗೆ ಅಂಟಿದ ಬೀಜವನ್ನು ಕಿತ್ತು ಒಲೆಗೆ ಹಾಕಬೇಡಿ. ಬೋಳು ನೆಲ ಕಂಡಲ್ಲಿ ಎರಡು ನಿಮಿಷ ಕೂತು, ಕೊಡವಿ ಎದ್ದು ಬನ್ನಿ.