ಚುಕ್ಕಿಗಳಷ್ಟು ಮೌನ

ಬಿಳಿಯ ಗೋಡೆ. ಅದರ ನಡುವೆ, ಪ್ರೊಜೆಕ್ಟರಿನ ಬೆಳಕಿನ ಚೌಕದಲ್ಲಿ ಒಂದೇ ಪದ: ‘ನಿಂತಿದೆ’. ಗೋಡೆಯ ಕೆಳಗೊಂದು ಮೇಜು. ಅದರ ಮೇಲೆ ಮಕ್ಕಳ ಸ್ಲೇಟು, ತುಂಡು ಬಳಪ, ಅಂಚು ಸವೆದ ಹಾಳೆ. ಹಾಳೆಯಲ್ಲಿ ಹನ್ನೊಂದು ಸಾಲು. ಸಾಲುಗಳ ಕೊನೆಗೆ ಪೆನ್ಸಿಲಿನ ಚುಕ್ಕಿಗಳು, ಒಂದೆಡೆ ಎರಡು, ಇನ್ನೊಂದೆಡೆ ನಾಲ್ಕು. ಮೇಜಿನಾಚೆ, ಕುತ್ತಿಗೆಗೆ ಹತ್ತಿಯ ವಸ್ತ್ರ ಸುತ್ತಿಕೊಂಡ ರತ್ನಕ್ಕ ಕೈಕಟ್ಟಿ ಕುಳಿತಿದ್ದಾರೆ.

ಆ ಚಿತ್ರ ಮೂರೇ ಸೆಕೆಂಡು ಉಳಿಯಿತು. ಮುಂದಿನ ಸಾಲು ಬಂದು ಪದವನ್ನು ಅಳಿಸಿತು. ರತ್ನಕ್ಕ ಬಳಪ ಎತ್ತಿಕೊಂಡರು: ‘ಉಸುರು ಹಾಕಾಕೂ ಬಿಡವಲ್ದು.’

ಗದಗದಿಂದ ಬಂದು ಹೆಬ್ಬಾಳದಲ್ಲಿ ದುಡಿದು ನಿವೃತ್ತರಾದ ಈ ಕವಿಯ ಓದನ್ನು ನಾನು ಮೂವತ್ತು ವರ್ಷ ಕೇಳಿದ್ದೇನೆ. ಹೋದ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆ ಅವರ ದನಿಯನ್ನು ಕಸಿಯಿತು. ಪುಟ್ಟೇನಹಳ್ಳಿಯ ಈ ಸಭಾಂಗಣದಲ್ಲಿ ಇಂದು ಐದಕ್ಕೆ, ದನಿ ಹೋದ ಮೇಲಿನ ಮೊದಲ ಓದು. ಅವರು ವೇದಿಕೆಯಲ್ಲಿ ನಿಲ್ಲಬೇಕು. ಸಾಲುಗಳು ಅವರ ಹಿಂದಿನ ಗೋಡೆಯ ಮೇಲೆ ಮೂಡಬೇಕು, ಚುಕ್ಕಿಗಳಷ್ಟೇ ಉಸಿರು ಕಾದು. ಆಗ ನಾಲ್ಕೂವರೆ; ವೇದಿಕೆಯ ಪಕ್ಕದ ಕೋಣೆಯಲ್ಲಿ ಕೊನೆಯ ತಾಲೀಮು.

‘ಪ್ರತಿ ಸಾಲಿಗೂ ಟೈಮ್ ಬದಲಾಯಿಸ್ತಾನೇ ಇದೀನಿ ದೊಡ್ಡವ್ವ,’ ಎಂದಳು ಅವರ ತಂಗಿಯ ಮಗಳು ರಕ್ಷಾ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. ‘ಚುಕ್ಕಿಗೆ ಒಂದೂವರೆ ಸೆಕೆಂಡ್. ನಾಲ್ಕು ಚುಕ್ಕಿಗೆ ಆರು. ಆದ್ರೂ ಮೂರಕ್ಕೇ ಹಾರುತ್ತೆ!’

ಸ್ಲೇಟು ತಿರುಗಿತು: ‘ಹಿಂಗಾದ್ರ ನಾ ಹೊರಗ ಬರೂದಿಲ್ಲ.’

ರತ್ನಕ್ಕ ಹಾಗೆಂದರೆ ಹಾಗೇ. ರಕ್ಷಾ ಪ್ರೋಗ್ರಾಮು ಬರೆದಿದ್ದ ಜಾವಾಸ್ಕ್ರಿಪ್ಟ್ ನನಗೆ ತಿಳಿಯದು; ಕವಿತೆ ಎಲ್ಲಿ ಸುಮ್ಮನಾಗುತ್ತದೆಂಬುದು ತಿಳಿದೀತು.

‘ಎಲ್ಲ ಸಾಲಿಗೂ ಮೂರೇನಾ?’ ಎಂದೆ.

‘ಎಲ್ಲಕ್ಕೂ, ಸರ್.’

‘ಮೊದಲನೇ ಸಾಲಿಗೆ ಎಷ್ಟು ಚುಕ್ಕಿ?’

‘ಎರಡು. ಅಂದ್ರೆ ಮೂರು ಸೆಕೆಂ...’ ಅವಳು ಮಾತು ತಡೆದಳು.

‘ಎಷ್ಟು ಕಾಯಬೇಕು ಅಂತ ಅದಕ್ಕೆ ಯಾವಾಗ ಹೇಳ್ತೀಯಮ್ಮ?’

‘ಶುರುನಲ್ಲಿ. ಸೆಟ್‌ಇಂಟರ್ವಲ್ ಅಂತ ಕಮಾಂಡು, ಇಷ್ಟಿಷ್ಟು ಹೊತ್ತಿಗೆ ಸಾಲು ಬದಲಾಯಿಸ್ತಾ ಇರು ಅಂತ, ಒಂದೇ ಸಲ. ಅಯ್ಯೋ! ಆವಾಗ್ಲೇ ಮೂರು ಅಂತ ಹಿಡ್ಕೊಂಡ್ಬಿಟ್ಟಿದೆ. ಆಮೇಲೆ ನಾನೇನ್ ಬದಲಾಯಿಸಿದ್ರೂ ತಿರುಗಿ ನೋಡಲ್ಲ.’

‘ನಿನ್ನ ದೊಡ್ಡಮ್ಮ ಹಾಗೆ ಓದ್ತಿರಲಿಲ್ಲ. ಒಂದು ಸಾಲು ಹೇಳಿದ ಮೇಲೇ ಅದರ ಚುಕ್ಕಿ ನೋಡೋರು.’

‘ಹಂಗಾದ್ರೆ ಸೆಟ್‌ಟೈಮ್‌ಔಟ್! ಅದು ಒಂದೇ ಸಲ ಕಾಯತ್ತೆ. ಸಾಲು ಬಂದಾಗೆಲ್ಲ ಅದರ ಚುಕ್ಕಿ ಎಣಿಸಿ, ಅಷ್ಟು ಕಾದು ಮುಂದಿನದನ್ನ ಕರಿ ಅಂತ ಹೊಸದಾಗಿ ಹೇಳ್ತೀನಿ.’

ಸ್ಲೇಟು ಹೇಳಿತು: ‘ಇಷ್ಟಕ್ಕ ಇಂಜಿನಿಯರಿಂಗ್ ಓದಿದ್ಯಾ?’

‘ದನಿ ಹೋದ್ರೂ ಬೈಯೋದು ಹೋಗ್ಲಿಲ್ಲ ನೋಡಿ ಸರ್,’ ಎಂದು ರಕ್ಷಾ ನಕ್ಕಳು. ಅವಳ ಬೆರಳು ಮಾತ್ರ ನಿಲ್ಲಲಿಲ್ಲ.

ನಾಲ್ಕು ಐವತ್ತಕ್ಕೆ ಗೋಡೆ ಮತ್ತೆ ಬೆಳಗಿತು. ‘ಕೆರೆಯಂಚಿಗೊಂದು ಕೊಕ್ಕರೆ.’ ಎರಡು ಚುಕ್ಕಿ. ‘ನಿಂತಿದೆ.’

ನಿಂತಿತು. ಮೂರು ಸೆಕೆಂಡು ಕಳೆದರೂ ನಿಂತೇ ಇತ್ತು. ಹಿಂದೆಲ್ಲ ಇದೇ ಪದದ ಬಳಿ ಅವರು ಎಳೆದುಕೊಳ್ಳುತ್ತಿದ್ದ ದೀರ್ಘ ಉಸಿರು ಮೇಜಿನಾಚೆಯಿಂದ ಕೇಳಿಸಿತು. ಆರನೆಯ ಸೆಕೆಂಡಿಗೆ, ಆ ಉಸಿರು ಮುಗಿದಲ್ಲೇ, ‘ನೀರು ಕಲಕದಂತೆ’ ಮೂಡಿತು. ಕೊನೆಯ ಸಾಲಿಗೆ ಚುಕ್ಕಿಯಿರಲಿಲ್ಲ. ಅದು ಯಾರನ್ನೂ ಕರೆಯದೆ ಗೋಡೆಯ ಮೇಲೇ ಉಳಿಯಿತು.

ರತ್ನಕ್ಕ ಎದ್ದರು. ಸೆರಗಿನಿಂದ ಸ್ಲೇಟು ಒರೆಸಿ ಮೇಜಿನ ಮೇಲೆ ಬೋರಲು ಹಾಕಿದರು. ರಕ್ಷಾ ಅದನ್ನು ಎತ್ತಿಕೊಡಲು ಹೋದಳು; ಅವರು ಬೇಡವೆಂದು ತಲೆಯಾಡಿಸಿ, ಬರಿಗೈಯಲ್ಲಿ ವೇದಿಕೆಯ ಕಡೆ ನಡೆದರು. ಬಾಗಿಲು ಅವರ ಹಿಂದೆ ಮೆಲ್ಲನೆ ಮುಚ್ಚಿಕೊಂಡಿತು.