ಒಗೆಯುವ ಕಲ್ಲು

"ಏ ಬೋಸಡಿ, ಗುದ್ದಲಿ ನಿಂದರಸ! ಕಿವ್ಯಾಗ ಸೆಗಣಿ ತುಂಬೈತೇನ? ಕಲ್ಲಿನ ಸಪ್ಪಳ ಕೇಳಲಿಲ್ಲ?"

ಗುತ್ತಿಗೆದಾರ ಅಂಜಿನಪ್ಪ ದಂಡೆಯ ಮೇಲೆ ನಿಂತು ಒದರಿದ. ಸೊಂಟದಾಳದ ತಗ್ಗಿನಲ್ಲಿದ್ದ ಗುತ್ತೆವ್ವ ಆಗಲೇ ಗುದ್ದಲಿ ಇಳಿಸಿದ್ದಳು.

ಹಾವೇರಿಯ ಹಳೆಯ ಗುಡಿಯ ಹಿಂದೆ ನಲ್ಲಿ ಪೈಪಿಗೆ ತೆಗೆದ ತಗ್ಗು ಅದು. ಗುಡಿಯ ಸುತ್ತ ಅಗೆದರೆ ಪುರಾತತ್ವ ಇಲಾಖೆಯವರೊಬ್ಬರು ಕಾಯಬೇಕು, ಹಳೆಯದೇನಾದರೂ ಸಿಕ್ಕರೆ ಕೆಲಸ ನಿಲ್ಲಬೇಕು. ಕಾಯಲು ಬಂದ ವಿಜಯಮಹಾಂತೇಶ ಸಾಹೇಬರು ಮೂರು ದಿನದಿಂದ ಕೊಡೆಯಡಿ ಕುರ್ಚಿ ಹಾಕಿಕೊಂಡು ಆಕಳಿಸುತ್ತಿದ್ದರು. ಇನ್ನು ಮೂವತ್ತು ಮಾರು ಅಗೆದರೆ ಹೊಲಗೇರಿಗೆ ಮೊದಲ ನಲ್ಲಿ. ಅದು ಗುತ್ತೆವ್ವನ ಕೇರಿ. ಅದಕ್ಕೇ ಅವಳು ಮೈ ಮುರಿದು ಅಗೆದಿದ್ದಳು.

"ಕೈಲೆ ಮಣ್ಣ ತಗಿಯವ್ವ, ಸಾವಕಾಶ," ಎಂದರು ಸಾಹೇಬರು.

ಅವಳು ಉಗುರಿನಿಂದ ಕೆರೆದಳು, ಕುಡಿಯಲು ತಂದ ನೀರು ಸುರಿದು ತೊಳೆದಳು, ಸೆರಗಿನಿಂದ ಒರೆಸಿದಳು. ಬಳೆ ತುಂಬಿದ ಕೈ ಎತ್ತಿ ನಿಂತ ಹೆಣ್ಣು. ಗಂಡನ ಚಿತೆ ಏರಿದವಳ ಮಾಸ್ತಿಕಲ್ಲು. ತೊಡೆಯ ಕೆಳಗೆ ಮುರಿದಿತ್ತು. ಜೀವಂತ ಸುಟ್ಟರೇನವ್ವಾ ನಿನ್ನ ಎಂದುಕೊಂಡು ಗುತ್ತೆವ್ವ ಆ ಬಳೆಗಳ ಮೇಲೆ ಬೆರಳಾಡಿಸಿದಳು.

ಗುಡಿಯ ಅಯ್ಯನವರು ಓಡಿಬಂದರು. "ಮಾಸ್ತೆವ್ವ ಎದ್ದಾಳ! ಏ ಹೊಲತಿ, ಮ್ಯಾಲ ಹತ್ತ. ಮುಟ್ಟಿ ಮೈಲಿಗಿ ಮಾಡಿಟ್ಟಿಯಲ್ಲ!"

ಗೋಮೂತ್ರ ಬಂತು. ಅವಳು ತೊಳೆದ ಕಲ್ಲನ್ನು ಮತ್ತೆ ತೊಳೆದರು. ಅರಿಶಿನ, ಕುಂಕುಮ, ಹೂವು ಏರಿದವು. ಸಾಹೇಬರು ಚಪ್ಪಲಿ ಬಿಟ್ಟು ಕೈಮುಗಿದರು.

"ಸಾಹೇಬ್ರ, ನಮ್ಮ ಪೈಪು?"

"ಕೆಲಸ ಬಂದ್. ಕಲ್ಲಿನ ಕೆಳಗಿನ ತುಂಡು ಇಲ್ಲೇ ಎಲ್ಲೋ ಇರಬೇಕು. ಸಿಗೂತನಕಾ ಯಾರೂ ಗುದ್ದಲಿ ಹಚ್ಚಂಗಿಲ್ಲ."

ಅಂಜಿನಪ್ಪ ನಕ್ಕ. "ಪೈಪ್ ಇಲ್ಲೇ ಗುಡಿಗೆ ತಿರುಗಿಸ್ತೇನಿ. ಮಾಸ್ತೆವ್ವನ ಅಭಿಷೇಕಕ್ಕ ನೀರ ಬೇಕಲ್ಲ? ನೀವು ಇಷ್ಟ ವರ್ಷ ಕೊಡ ಹೊತ್ತೀರಿ, ಇನ್ನಷ್ಟ ಹೊರ್ರಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ; ಇಲ್ಲಿ ಗುತ್ತಿಗೆದಾರನೂ ಸೇರಿಕೊಂಡಿದ್ದ.

ಗುತ್ತೆವ್ವ ಕಲ್ಲಿನ ಮುರಿದ ಅಂಚನ್ನೇ ನೋಡಿದಳು. ಅದರ ಜೋಡಿ ಅವಳಿಗೆ ಗೊತ್ತಿತ್ತು. ಕೇರಿಯ ಒಗೆಯುವ ಕಲ್ಲು. ಅವಳ ಅತ್ತೆ, ಅತ್ತೆಯ ಅತ್ತೆ ಒಗೆದದ್ದು ಅದರ ಮೇಲೆಯೇ. ಒಮ್ಮೆ ಮಗುಚಿದಾಗ ಅಡಿಯಲ್ಲಿ ಕಾಲ್ಗಡಗದ ಎರಡು ಪಾದ ಕಂಡಿದ್ದವು.

"ಆಕಿ ಕಾಲು ನಮ್ಮ ಕೇರ್ಯಾಗ ಅದಾವ," ಎಂದಳು. "ನಮ್ಮ ಮುಟ್ಟಿನ ಅರಿವಿ ಒಗಿಯೂದು ಅದರ ಮ್ಯಾಲ."

ಅಯ್ಯನವರು ಕಿವಿ ಮುಚ್ಚಿಕೊಂಡರು. "ನಿನ್ನ ಬಾಯಾಗ ಹುಳ ಬೀಳಲಿ, ರಂಡೆ!" ಎಂದು ಅಂಜಿನಪ್ಪ ಅವಳ ಕೆನ್ನೆಗೆ ಬಾರಿಸಿದ. "ಆ ಕಲ್ಲ ನಿಮ್ಮ ಮಂದೀನ ಹೊತ್ತ ತರಲಿ. ಈಗಿಂದೀಗ!"

ಅಂಜಿನಪ್ಪ, ಸಾಹೇಬರು ಕೇರಿಗೆ ಬರುವಷ್ಟರಲ್ಲಿ ಗುತ್ತೆವ್ವ ಅರಿವೆಯ ಗಂಟು, ತನ್ನ ಕೊಡ ಬಗಲಿಗಿಟ್ಟುಕೊಂಡು ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ಸುತ್ತ ನಿಂತಿದ್ದರು. ಹೊರಲು ಕರೆದ ಕೇರಿಯ ಗಂಡಸರು ಒಬ್ಬರೂ ಕಲ್ಲಿಗೆ ಕೈ ಹಚ್ಚಲಿಲ್ಲ.

"ಯವ್ವಾ, ಅದು ಸರಕಾರದ ಆಸ್ತಿ. ಏಳ," ಎಂದರು ಸಾಹೇಬರು.

"ನಲ್ಲಿ ಬರಲಿ, ಏಳ್ತೇನಿ."

"ಎಳೀರಿ ಆಕಿನ್ನ!" ಅಂಜಿನಪ್ಪ ಕೂಗಿದ.

"ಹೊಲತಿ ಕುಂತ ಕಲ್ಲೈತಿ. ನಿಮ್ಮೊಳಗ ಯಾರು ಮುಟ್ಟತೀರಿ, ಮುಂದ ಬರ್ರಿ."

ಯಾರೂ ಬರಲಿಲ್ಲ. ಸಾಹೇಬರು ಮೊಬೈಲಿನಲ್ಲಿ ಪೊಲೀಸರನ್ನು ಕರೆದರು. ಗುತ್ತೆವ್ವ ಎದ್ದು, ಬಗಲಿಗಿದ್ದ ಕೊಡದ ತಳದ ನೀರನ್ನೆಲ್ಲ ಕಲ್ಲಿಗೆ ಸುರಿದು, ಗಂಟಿನಿಂದ ಮುಟ್ಟಿನ ಅರಿವೆ ತೆಗೆದು ಹಾಸಿ ಬಡಿಯತೊಡಗಿದಳು. ಕೇರಿಯ ಬಾಯಿಗೆ ಜೀಪು ಬಂದು ನಿಂತಾಗಲೂ ಅವಳು ಬಡಿಯುತ್ತಲೇ ಇದ್ದಳು.